ಕಾಡುಪ್ರಾಣಿ ಡಾಕ್ಟರಿಗೆ ಸಂಬಳ ಕೊಡುವವರು ಯಾರು?

ಮನೆಯ ನಾಯಿಗೆ ಹುಷಾರಿಲ್ಲ ಎಂದರೆ ಸಾಕಿದವರು ಕ್ಲಿನಿಕ್ಕಿಗೆ ಕರೆತಂದು ಫೀಸು ಕೊಡುತ್ತಾರೆ. ಕಾಡಿನ ಜಿಂಕೆಗೆ ಹುಷಾರಿಲ್ಲ ಎಂದರೆ? ಫೀಸು ಕೊಡಲು ಯಾರೂ ಬರುವುದಿಲ್ಲ. ವನ್ಯಜೀವಿ ಆರೋಗ್ಯದ ಕೆಲಸದಲ್ಲಿ ಸಂಬಳದ ತಲೆನೋವು ಶುರುವಾಗುವುದೇ ಇಲ್ಲಿಂದ. ಈ ರೋಗಿಯ ಪರವಾಗಿ ಬೇರೆ ಯಾರೋ ಜೇಬಿಗೆ ಕೈ ಹಾಕಬೇಕು. ಅದು ಸರ್ಕಾರ ಇರಬಹುದು, ಮೃಗಾಲಯ ಇರಬಹುದು, ಬೇಟೆಗಾರ, ಎಣ್ಣೆ ಕಂಪನಿ ಅಥವಾ ಗಿಡುಗ ಸಾಕುವ ಶ್ರೀಮಂತ ಇರಬಹುದು. ಆ ಜೇಬು ಯಾರದು ಎಂದು ಗೊತ್ತಾದರೆ ಒಳ್ಳೆಯ ಕೆಲಸ ಎಲ್ಲಿದೆ ಎಂಬುದೂ ಹೆಚ್ಚುಕಡಿಮೆ ಗೊತ್ತಾದ ಹಾಗೆ.

ಹೆಜ್ಜೆ 1: ನಿಮ್ಮ ಡಿಗ್ರಿ ಯಾವುದು, ಅದನ್ನು ಮೊದಲು ನೋಡಿ

ವನ್ಯಜೀವಿ ಆರೋಗ್ಯ ತಜ್ಞರು ಎಂದ ಕೂಡಲೇ ಡಾರ್ಟ್ ಗನ್ (ದೂರದಿಂದ ಅರಿವಳಿಕೆ ಸೂಜಿ ಹಾರಿಸುವ ಬಂದೂಕು) ಹಿಡಿದ ವೈದ್ಯರೇ ಕಣ್ಣಮುಂದೆ ಬರುತ್ತಾರೆ. ಆದರೆ ಕೆರೆಯಲ್ಲಿ ನೂರು ಬಾತುಕೋಳಿ ಸತ್ತು ತೇಲಿದರೆ ಅಲ್ಲಿಗೆ ಮೂರ್ನಾಲ್ಕು ಥರದ ಜನ ಬರುತ್ತಾರೆ. ಹೆಣ ಕೊಯ್ದು ನೋಡುವ ಪೆಥಾಲಜಿಸ್ಟ್, ರೋಗ ಎಲ್ಲಿಂದ ಬಂತು ಎಲ್ಲಿಗೆ ಹೊರಟಿದೆ ಎಂದು ಲೆಕ್ಕ ಹಾಕುವ ಎಪಿಡೆಮಿಯಾಲಜಿಸ್ಟ್, ಆ ಹಕ್ಕಿಗಳ ಜಾಡು ಬಲ್ಲ ಜೀವವಿಜ್ಞಾನಿ, ಮಾದರಿ ಪರೀಕ್ಷಿಸುವ ಲ್ಯಾಬಿನವರು. ಎಲ್ಲರೂ ಬಗ್ಗಿ ನೋಡುವುದು ಅದೇ ಬಾತುಕೋಳಿಯನ್ನು. ಸಂಬಳ ಮಾತ್ರ ಬೇರೆ ಬೇರೆ.

ಎಷ್ಟು ಬೇರೆ ಎಂಬುದಕ್ಕೆ ಅಮೆರಿಕದ ಕಾರ್ಮಿಕ ಇಲಾಖೆಯ 2023ರ ಮೇ ತಿಂಗಳ ಅಂಕಿ ನೋಡಿ. ಪಶುವೈದ್ಯರ ನಡುಮಟ್ಟದ ವಾರ್ಷಿಕ ಸಂಬಳ 1,19,100 ಡಾಲರ್. ಎಪಿಡೆಮಿಯಾಲಜಿಸ್ಟರದು 81,390. ಪ್ರಾಣಿ ಮತ್ತು ವನ್ಯಜೀವಿ ವಿಜ್ಞಾನಿಗಳದು 70,600. ನಡುಮಟ್ಟ ಎಂದರೆ ಅರ್ಧ ಜನಕ್ಕೆ ಇದಕ್ಕಿಂತ ಜಾಸ್ತಿ, ಅರ್ಧ ಜನಕ್ಕೆ ಕಡಿಮೆ.

ಇಲ್ಲಿ ಒಂದು ಮೋಸ ಅಡಗಿದೆ, ಗಮನಿಸಿ. ಪಶುವೈದ್ಯರ ಆ ದೊಡ್ಡ ಅಂಕಿಯಲ್ಲಿ ನಾಯಿ ಬೆಕ್ಕಿನ ಕ್ಲಿನಿಕ್ ನಡೆಸುವವರೇ ಬಹುಪಾಲು. ಮೃಗಾಲಯ ಅಥವಾ ಕಾಡಿನ ಕೆಲಸಕ್ಕೆ ಬಂದ ವೈದ್ಯರಿಗೆ ಸಾಮಾನ್ಯವಾಗಿ ಅಷ್ಟು ಸಿಗುವುದಿಲ್ಲ, ಹೆಚ್ಚು ವರ್ಷ ಓದಿದ್ದರೂ ಕೂಡ. ಹಾಗಾದರೂ ವೈದ್ಯ ಡಿಗ್ರಿಗೆ ಒಂದು ಬಲ ಇದೆ. ಔಷಧಿ ಬರೆಯುವ, ಅರಿವಳಿಕೆ ಕೊಡುವ ಹಕ್ಕು ಅದಕ್ಕೇ ಇರುವುದು. ಕಾಡಿನ ಕೆಲಸ ಕೈಕೊಟ್ಟರೆ ಕ್ಲಿನಿಕ್ಕಿಗೆ ಮರಳುವ ದಾರಿಯೂ ತೆರೆದಿರುತ್ತದೆ.

ಹೆಜ್ಜೆ 2: ದುಡ್ಡಿನ ಮೂಲ ಹುಡುಕಿ

ಈ ಹೆಜ್ಜೆಗೆ ಜಾಸ್ತಿ ಸಮಯ ಕೊಡಿ. ಬಹಳ ಮಂದಿ 'ನನಗೆ ಹುಲಿ ಇಷ್ಟ', 'ನನಗೆ ತಿಮಿಂಗಿಲ ಇಷ್ಟ' ಎಂದು ಹೊರಡುತ್ತಾರೆ. ಇಷ್ಟ ಇರಲಿ ಬಿಡಿ. ಆದರೆ ನೌಕರಿ ಹುಟ್ಟುವುದು ಕಾಯಿಲೆಯಿಂದ, ಅದರಲ್ಲೂ ಯಾರದೋ ವ್ಯಾಪಾರಕ್ಕೆ ಹೊಡೆತ ಕೊಡುವ ಕಾಯಿಲೆಯಿಂದ.

ಹಂದಿಯನ್ನೇ ತೆಗೆದುಕೊಳ್ಳಿ. ಆಫ್ರಿಕನ್ ಹಂದಿ ಜ್ವರ ಯುರೋಪಿನ ಕಾಡುಹಂದಿಗಳಲ್ಲಿ ಹರಡುತ್ತಾ ಬಂದಾಗ ಡೆನ್ಮಾರ್ಕ್ ದೇಶ ಜರ್ಮನಿಯ ಗಡಿಗೆ ಸುಮಾರು 70 ಕಿಲೋಮೀಟರ್ ಬೇಲಿಯನ್ನೇ ಹಾಕಿಸಿತು. 2019ರಲ್ಲಿ ಅದು ಮುಗಿಯಿತು. ಕಾಡುಹಂದಿ ಮೇಲಿನ ಪ್ರೀತಿಗೆ ಹಾಕಿದ ಬೇಲಿ ಅದಲ್ಲ ಬಿಡಿ, ಹಂದಿಮಾಂಸದ ರಫ್ತು ಉಳಿಯಬೇಕಿತ್ತು. ಹೀಗೆ ಸಾಕುಪ್ರಾಣಿಗಳಿಗೂ ದಾಟುವ ರೋಗ ಇರುವಲ್ಲಿ ಕಾಡುಪ್ರಾಣಿಗಳ ರಕ್ತ ಪರೀಕ್ಷಿಸಲು, ಸತ್ತವನ್ನು ಹುಡುಕಲು, ನಕ್ಷೆ ಮಾಡಲು ಜನ ಬೇಕಾಗುತ್ತಾರೆ. ಎಚ್5ಎನ್1 ಹಕ್ಕಿಜ್ವರದ ಕಥೆಯೂ ಅದೇ. ಕಾಡುಹಕ್ಕಿಯಿಂದ ಕೋಳಿಗೆ, 2024ರಿಂದ ಅಮೆರಿಕದ ಹಾಲಿನ ಹಸುಗಳಿಗೂ ಅದು ದಾಟಿದೆ.

ಈಗ ಕಪ್ಪೆಯ ಕಡೆ ನೋಡಿ. ಕೈಟ್ರಿಡ್ ಎಂಬ ಶಿಲೀಂಧ್ರದಿಂದ ಕನಿಷ್ಠ 501 ಜಾತಿಯ ಉಭಯಚರಗಳು ಕುಗ್ಗಿವೆ, 90 ಜಾತಿ ಅಳಿದೇ ಹೋಗಿರಬಹುದು ಎಂದು 2019ರಲ್ಲಿ ವಿಜ್ಞಾನಿಗಳು ಲೆಕ್ಕ ಕೊಟ್ಟರು. ಒಂದು ಕಾಯಿಲೆ ಇಷ್ಟು ಜೀವವೈವಿಧ್ಯ ನುಂಗಿದ್ದು ಇನ್ನೊಂದಿಲ್ಲ. ಆದರೆ ಕಪ್ಪೆಗೆ ಮಾರುಕಟ್ಟೆಯ ಒಡೆಯರಿಲ್ಲ. ಕೈಟ್ರಿಡ್ ಮೇಲಿನ ಕೆಲಸವೆಲ್ಲ ಬಹುಮಟ್ಟಿಗೆ ವಿಶ್ವವಿದ್ಯಾಲಯದ ಅನುದಾನದಲ್ಲಿ, ಎರಡು ಮೂರು ವರ್ಷದ ಹುದ್ದೆಗಳಲ್ಲಿ ನಡೆಯುತ್ತದೆ. ಅನ್ಯಾಯ ಅಲ್ವಾ? ಹೌದು. ಆದರೆ ಕೆಲಸ ಹುಡುಕುವವರು ಇದನ್ನು ತಿಳಿದೇ ಹೊರಡಬೇಕು.

ಬೇಟೆಗಾರರ ದುಡ್ಡು ಇನ್ನೊಂದು ದೊಡ್ಡ ಮೂಲ. ಅಮೆರಿಕದಲ್ಲಿ 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆಯ ಪ್ರಕಾರ ಬಂದೂಕು, ಗುಂಡುಗಳ ಮೇಲಿನ ತೆರಿಗೆ ರಾಜ್ಯಗಳ ವನ್ಯಜೀವಿ ಇಲಾಖೆಗಳಿಗೆ ಹೋಗುತ್ತದೆ. ಜೊತೆಗೆ ಬೇಟೆ ಲೈಸೆನ್ಸಿನ ಶುಲ್ಕ. ಜಿಂಕೆಗಳ ಮಿದುಳು ತಿನ್ನುವ 'ಕ್ರಾನಿಕ್ ವೇಸ್ಟಿಂಗ್' ಕಾಯಿಲೆ 1967ರಲ್ಲಿ ಕೊಲರಾಡೊದಲ್ಲಿ ಮೊದಲು ಕಂಡಿತು. ಇವತ್ತು ಅದು 30ಕ್ಕೂ ಹೆಚ್ಚು ರಾಜ್ಯಗಳಲ್ಲಿದೆ. ಲಸಿಕೆ ಇಲ್ಲ, ಮದ್ದೂ ಇಲ್ಲ. ಜಿಂಕೆ ಹೋದರೆ ಲೈಸೆನ್ಸ್ ಆದಾಯವೂ ಹೋಗುತ್ತದೆ. ಅದಕ್ಕೇ ಅಲ್ಲಿನ ಬಹಳಷ್ಟು ರಾಜ್ಯಗಳು ತಮ್ಮದೇ ವನ್ಯಜೀವಿ ಪಶುವೈದ್ಯರನ್ನು ಇಟ್ಟುಕೊಂಡಿವೆ. ಪಿಂಚಣಿ, ವಿಮೆ ಇರುವ ಕಾಯಂ ಹುದ್ದೆಗಳು ಇವು. ನನ್ನನ್ನು ಕೇಳಿದರೆ ಈ ಕ್ಷೇತ್ರದಲ್ಲಿ ನೆಮ್ಮದಿಯ ನೌಕರಿ ಇದೇ. ಕಷ್ಟ ಏನೆಂದರೆ ಒಂದು ರಾಜ್ಯಕ್ಕೆ ಇರುವುದು ಒಂದೋ ಎರಡೋ ಕುರ್ಚಿ. ಕೂತವರು ಬೇಗ ಏಳುವುದಿಲ್ಲ.

ಸರ್ಕಾರಿ ಲ್ಯಾಬುಗಳನ್ನೂ ಸರ್ಕಾರದ ನೆರವಿನ ಸಂಸ್ಥೆಗಳನ್ನೂ ನೋಡಿಟ್ಟುಕೊಳ್ಳಿ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್‌ನಲ್ಲಿ 1975ರಲ್ಲಿ ಶುರುವಾದ ರಾಷ್ಟ್ರೀಯ ವನ್ಯಜೀವಿ ಆರೋಗ್ಯ ಕೇಂದ್ರ, ಪಶುವೈದ್ಯ ಕಾಲೇಜುಗಳನ್ನು ಜೋಡಿಸಿಕೊಂಡು ಕೆಲಸ ಮಾಡುವ ಕೆನಡಾದ ವನ್ಯಜೀವಿ ಆರೋಗ್ಯ ಸಹಕಾರ ಸಂಸ್ಥೆ, ವೈಲ್ಡ್‌ಲೈಫ್ ಹೆಲ್ತ್ ಆಸ್ಟ್ರೇಲಿಯಾ ಇಂಥವು. ಸರ್ಕಾರಿ ಕೆಲಸ ಎಂದರೆ ಬಂಡೆಯ ಹಾಗೆ ಗಟ್ಟಿ ಎಂದು ಮಾತ್ರ ಅಂದುಕೊಳ್ಳಬೇಡಿ. 2025ರ ಜನವರಿಯಲ್ಲಿ ಅಮೆರಿಕದ ಕೇಂದ್ರ ಸರ್ಕಾರ ಹೊಸ ನೇಮಕಾತಿಯನ್ನೇ ನಿಲ್ಲಿಸಿತು. ಅದೇ ವರ್ಷ ಅದರ ವಿದೇಶಿ ನೆರವು ಸಂಸ್ಥೆ ಯುಎಸ್‌ಏಡ್ ಬಾಗಿಲು ಹಾಕಿದಾಗ, ಪ್ರಾಣಿಯಿಂದ ಮನುಷ್ಯರಿಗೆ ಬರುವ ರೋಗಗಳ ಮೇಲೆ ಕಣ್ಣಿಟ್ಟಿದ್ದ ಹಲವು ದೇಶಗಳ ಯೋಜನೆಗಳೂ ನಿಂತವು.

ಇನ್ನು ಖಾಸಗಿ ದುಡ್ಡು. ದಕ್ಷಿಣ ಆಫ್ರಿಕಾದಲ್ಲಿ 1991ರ ಕಾನೂನು ಬೇಲಿಯೊಳಗಿನ ಕಾಡುಪ್ರಾಣಿಯನ್ನು ಭೂಮಾಲೀಕರ ಆಸ್ತಿ ಎಂದು ಒಪ್ಪಿತು. ಒಡೆಯ ಹುಟ್ಟಿಕೊಂಡ, ಹಿಂದೆಯೇ ಫೀಸೂ ಬಂತು! ಹೆಲಿಕಾಪ್ಟರಿನಿಂದ ಡಾರ್ಟ್ ಹೊಡೆದು ಕಾಡೆಮ್ಮೆ, ಘೇಂಡಾಮೃಗ ಸಾಗಿಸುವ ಖಾಸಗಿ ವೈದ್ಯರು ಅಲ್ಲಿ ಒಂದು ದೊಡ್ಡ ವರ್ಗವೇ ಆದರು. ಕೆಲಸ ಇದ್ದಷ್ಟು ದಿನ ಗಳಿಕೆ ಚೆನ್ನಾಗಿದೆ. ಆದರೆ 2016ರ ಹೊತ್ತಿಗೆ ಕೋಟಿಗಟ್ಟಲೆ ಬೆಲೆಗೆ ಏರಿದ್ದ ತಳಿ ಕಾಡೆಮ್ಮೆಗಳ ದರ ಆಮೇಲೆ ದಬ್ ಎಂದು ಬಿತ್ತು. ಮಾಲೀಕರ ಜೇಬು ತೆಳುವಾದರೆ ವೈದ್ಯರದೂ ತೆಳುವಾಗುತ್ತದೆ.

ಕೊಲ್ಲಿ ದೇಶಗಳಲ್ಲಿ ಗಿಡುಗ ಇದೆ. 1999ರಲ್ಲಿ ತೆರೆದ ಅಬುಧಾಬಿಯ ಗಿಡುಗ ಆಸ್ಪತ್ರೆ ಗಿಡುಗಗಳಿಗಾಗಿಯೇ ಶುರುವಾದ ಪೂರ್ಣ ಪ್ರಮಾಣದ ಆಸ್ಪತ್ರೆ. ಯುಎಇಯಲ್ಲಿ ಸಂಬಳಕ್ಕೆ ಆದಾಯ ತೆರಿಗೆ ಇಲ್ಲ, ಆದ್ದರಿಂದ ಕಾಗದದ ಮೇಲಿನ ಅಂಕಿಯೇ ಕೈಗೂ ಬರುತ್ತದೆ. ಹಕ್ಕಿ ವೈದ್ಯದಲ್ಲಿ ಪಳಗಿದವರು ಈ ಕಡೆ ಒಮ್ಮೆ ನೋಡಲೇಬೇಕು.

ಕ್ಯಾಲಿಫೋರ್ನಿಯಾದ ಉದಾಹರಣೆ ನನಗೆ ತುಂಬಾ ಇಷ್ಟ. ಎಣ್ಣೆ ಮೆತ್ತಿಕೊಂಡ ಕಡಲ ಹಕ್ಕಿಗಳನ್ನು ತೊಳೆದು ಉಳಿಸುವ ಜಾಲವನ್ನು ಅಲ್ಲಿ ಡೇವಿಸ್ ವಿಶ್ವವಿದ್ಯಾಲಯದ ಪಶುವೈದ್ಯ ಕಾಲೇಜು ನಡೆಸುತ್ತದೆ. ಅದಕ್ಕೆ ಬರುವ ದುಡ್ಡಿನ ಬೇರು ಬ್ಯಾರೆಲ್ ಎಣ್ಣೆಯ ಮೇಲೆ ಹಾಕಿದ ಶುಲ್ಕದಲ್ಲಿದೆ. ಎಣ್ಣೆ ಚೆಲ್ಲದ ವರ್ಷವೂ ವೈದ್ಯರ ಸಂಬಳ ನಿಲ್ಲುವುದಿಲ್ಲ.

ಮೃಗಾಲಯ, ಅಕ್ವೇರಿಯಂಗಳು ಎಲ್ಲ ಕಡೆ ಇವೆ, ಸಂಬಳ ಸಾಧಾರಣ, ಪೈಪೋಟಿ ಜಾಸ್ತಿ. ಸೇವಾ ಸಂಸ್ಥೆಗಳಲ್ಲಿ ಕೆಲಸ ಅದ್ಭುತ, ಸಂಬಳ ಕಡಿಮೆ. ಮಲೆಗೊರಿಲ್ಲಾಗಳಿಗೆ ಕಾಡಿನಲ್ಲೇ ಮದ್ದು ಕೊಡುವ 'ಗೊರಿಲ್ಲಾ ಡಾಕ್ಟರ್ಸ್' ತಂಡ 1986ರಿಂದ ದಾನಿಗಳ ದುಡ್ಡಿನಲ್ಲೇ ಬಹುಪಾಲು ನಡೆದುಬಂದಿದೆ. ಅಂಥ ಕಡೆ ಹೋಗುವವರು ಸಂಬಳ ನೋಡಿ ಹೋಗುವುದಿಲ್ಲ.

ಹೆಜ್ಜೆ 3: ಯಾವ ಸರ್ಟಿಫಿಕೇಟಿಗೆ ಬೆಲೆ ಇದೆ ನೋಡಿ

ಅಮೆರಿಕದಲ್ಲಿ 1983ರಿಂದ ಇರುವ 'ಅಮೆರಿಕನ್ ಕಾಲೇಜ್ ಆಫ್ ಝೂಲಾಜಿಕಲ್ ಮೆಡಿಸಿನ್', ಯುರೋಪಿನಲ್ಲಿ 'ಯುರೋಪಿಯನ್ ಕಾಲೇಜ್ ಆಫ್ ಝೂಲಾಜಿಕಲ್ ಮೆಡಿಸಿನ್' ತಜ್ಞ ಪದವಿ ಕೊಡುತ್ತವೆ. ಹೆಸರಿನಲ್ಲಿ ಕಾಲೇಜ್ ಇದ್ದರೂ ಇಲ್ಲಿ ತರಗತಿ ಇರುವುದಿಲ್ಲ, ಪರೀಕ್ಷೆ ಮಾಡಿ ಮುದ್ರೆ ಒತ್ತುವ ಮಂಡಳಿಗಳು ಇವು. ಸಾಮಾನ್ಯವಾಗಿ ಡಿಗ್ರಿ ಆದ ಮೇಲೆ ಒಂದು ವರ್ಷ ಇಂಟರ್ನ್‌ಶಿಪ್, ಮೂರು ವರ್ಷ ರೆಸಿಡೆನ್ಸಿ (ತಜ್ಞರ ಕೈಕೆಳಗಿನ ತರಬೇತಿ), ಆಮೇಲೆ ಪರೀಕ್ಷೆ. ಆ ವರ್ಷಗಳಲ್ಲಿ ಸ್ಟೈಪೆಂಡ್ ಅಷ್ಟಕ್ಕಷ್ಟೆ. ಈ ಮುದ್ರೆ ಇರುವವರು ಲೋಕದಲ್ಲಿ ಕೆಲವೇ ನೂರು ಮಂದಿ. ದೊಡ್ಡ ಮೃಗಾಲಯದ ಮುಖ್ಯ ವೈದ್ಯರ ಹುದ್ದೆಗೆ, ವಿಶ್ವವಿದ್ಯಾಲಯದ ಪ್ರೊಫೆಸರ್ ಹುದ್ದೆಗೆ ಇದನ್ನೇ ಕೇಳುವುದು.

ಇನ್ನೊಂದು ದಾರಿಯನ್ನು ಜನ ಯಾಕೋ ಮರೆಯುತ್ತಾರೆ: ಪೆಥಾಲಜಿ. ಪಶುವೈದ್ಯ ಪೆಥಾಲಜಿಸ್ಟರನ್ನು ಔಷಧಿ ಕಂಪನಿಗಳು ಒಳ್ಳೆಯ ಸಂಬಳಕ್ಕೆ ಎತ್ತಿಕೊಳ್ಳುತ್ತವೆ. ಹಾಗಾಗಿ ಉಳಿದ ಲ್ಯಾಬುಗಳೂ ಅವರನ್ನು ಹಿಡಿದಿಟ್ಟುಕೊಳ್ಳಲು ಸ್ವಲ್ಪ ಕೈ ಬಿಚ್ಚಲೇಬೇಕು. ಸತ್ತ ಪ್ರಾಣಿಗಳ ಜೊತೆಗೇ ದಿನ ಕಳೆಯಲು ಮನಸ್ಸು ಗಟ್ಟಿ ಇದ್ದರೆ ಸಂಬಳದ ಲೆಕ್ಕದಲ್ಲಿ ಇದು ಜಾಣ ಆಯ್ಕೆ.

ಹೆಜ್ಜೆ 4: ಲೆಕ್ಕ ಕಲಿಯಿರಿ

ಸುಮ್ನೆ ಹೇಳುತ್ತಿಲ್ಲ. ರೋಮ್‌ನಲ್ಲಿರುವ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ (ಎಫ್‌ಎಓ), ಪ್ಯಾರಿಸ್‌ನ ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆಯಂಥ ಕಡೆ ಸಿರಿಂಜ್ ಹಿಡಿಯುವವರಿಗಿಂತ ಅಂಕಿ-ಅಂಶ ಓದಬಲ್ಲವರು, ನಕ್ಷೆ ಮಾಡಬಲ್ಲವರು, ವರದಿ ಬರೆಯಬಲ್ಲವರು ಹೆಚ್ಚು ಬೇಕು. 2011ರಲ್ಲಿ ಲೋಕದಿಂದ ದನಗಳ ದೊಡ್ಡರೋಗ, ಅಂದರೆ ರಿಂಡರ್‌ಪೆಸ್ಟ್, ಹೋಯಿತು ಎಂದು ಘೋಷಿಸುವ ಮೊದಲು ಅದರ ಕೊನೆಯ ಪ್ರಕರಣ ಸಿಕ್ಕಿದ್ದು 2001ರಲ್ಲಿ, ಕೀನ್ಯಾದ ಮೇರು ಕಾಡಿನ ಕಾಡೆಮ್ಮೆಗಳಲ್ಲಿ. ಕಾಡಿನಲ್ಲಿ ವೈರಸ್ ಉಳಿದಿಲ್ಲ ಎಂದು ತೋರಿಸದೆ ಜಗತ್ತು ಒಪ್ಪುತ್ತಿರಲಿಲ್ಲ. ಕುರಿ ಮೇಕೆಗಳ ಪಿಪಿಆರ್ ರೋಗವನ್ನು 2030ರೊಳಗೆ ತೊಲಗಿಸುವ ಗುರಿಯಲ್ಲೂ ಅಂಥದೇ ಕೆಲಸ ಕಾದಿದೆ. 2016-17ರಲ್ಲಿ ಅದು ಮಂಗೋಲಿಯಾದ ಸೈಗಾ ಜಿಂಕೆಗಳನ್ನು ಸಾವಿರಗಟ್ಟಲೆ ಕೊಂದಿತ್ತು.

ಹೆಜ್ಜೆ 5: ಗಡಿ ದಾಟುವ ಮೊದಲು

ಒಂದು ದೇಶದ ಪಶುವೈದ್ಯ ಡಿಗ್ರಿ ಇನ್ನೊಂದು ದೇಶದಲ್ಲಿ ತಾನಾಗಿ ನಡೆಯುವುದಿಲ್ಲ. ಬ್ರಿಟನ್ನಿಗೆ ಅಲ್ಲಿನ ಪಶುವೈದ್ಯರ ಮಂಡಳಿಯಾದ ರಾಯಲ್ ಕಾಲೇಜಿನ ನೋಂದಣಿ ಬೇಕು, ಬೇಕಾದರೆ ಅದರ ಪರೀಕ್ಷೆ. ಅಮೆರಿಕ, ಕೆನಡಾಕ್ಕೆ ನಾವ್ಲೆ ಎಂಬ ಪಶುವೈದ್ಯ ಲೈಸೆನ್ಸ್ ಪರೀಕ್ಷೆ ಮತ್ತು ಡಿಗ್ರಿ ಸಮಾನತೆಯ ಪ್ರಮಾಣಪತ್ರ. ಇದಕ್ಕೆ ವರ್ಷಗಳೇ ಹಿಡಿಯಬಹುದು. ಸಂಶೋಧನೆ, ಎಪಿಡೆಮಿಯಾಲಜಿ ಹುದ್ದೆಗಳಿಗೆ ಸಾಮಾನ್ಯವಾಗಿ ಈ ಲೈಸೆನ್ಸ್ ಬೇಡ. ಹೊರದೇಶಕ್ಕೆ ಹೋಗುವವರಿಗೆ ಮೊದಲ ಮೆಟ್ಟಿಲಾಗಿ ಅದು ಸಲೀಸು.

ಹೆಜ್ಜೆ 6: ಸಂದರ್ಶನದಲ್ಲಿ ನಾಚಿಕೊಳ್ಳಬೇಡಿ

ಹುದ್ದೆ ಕಾಯಂ ಇದೆಯೋ ಯೋಜನೆ ಇರುವಷ್ಟು ದಿನ ಮಾತ್ರವೋ ಕೇಳಿ. ಅನುದಾನ ಯಾವ ತಿಂಗಳಿಗೆ ಮುಗಿಯುತ್ತದೆ ಎಂದೂ ಕೇಳಿ. ರಾತ್ರಿ ಕರೆ ಬಂದರೆ ಅದಕ್ಕೆ ಬೇರೆ ಭತ್ಯೆ ಇದೆಯಾ, ರೇಬಿಸ್ ಲಸಿಕೆ ಯಾರು ಹಾಕಿಸುತ್ತಾರೆ, ಹೆಲಿಕಾಪ್ಟರ್ ಹತ್ತಿದಾಗ ವಿಮೆ ಅನ್ವಯಿಸುತ್ತದೆಯಾ? ಡಾರ್ಟ್ ಕೆಲಸವಾದರೆ ಇನ್ನೊಂದು ಪ್ರಶ್ನೆ ಇದೆ. ಆನೆ, ಘೇಂಡಾಮೃಗಗಳಿಗೆ ಬಳಸುವ ಎಟಾರ್ಫಿನ್ ಮದ್ದು ಮಾರ್ಫಿನ್‌ಗಿಂತ ಸಾವಿರ ಪಟ್ಟಿಗೂ ಜಾಸ್ತಿ ಬಲದ್ದು. ಸೂಜಿ ತಪ್ಪಿ ನಿಮ್ಮ ಕೈಗೇ ಚುಚ್ಚಿದರೆ ಜೀವಕ್ಕೆ ಅಪಾಯ. ಮನುಷ್ಯರಿಗೆ ಕೊಡುವ ಪ್ರತಿಮದ್ದು ಪೆಟ್ಟಿಗೆಯಲ್ಲಿ ಇರುತ್ತದೆಯಾ, ಅದನ್ನು ಕೊಡಲು ಕಲಿತ ಇನ್ನೊಬ್ಬರು ಪಕ್ಕದಲ್ಲಿ ಇರುತ್ತಾರಾ ಎಂದು ಕೇಳಿ. ಉತ್ತರ ಹೇಳಲು ಅವರು ತಡವರಿಸಿದರೆ ಸಂಬಳ ಎಷ್ಟೇ ಇರಲಿ, ಎದ್ದು ಬನ್ನಿ.