ಖಾಲಿ ಸೈಟಿನ ಹುಲ್ಲು ಹೊಡೆಯಲು ಎಷ್ಟು ಬಾಡಿಗೆ ಕೇಳಬೇಕು?

ಮಳೆ ಬಿಟ್ಟ ಮೇಲೆ ಕುಶಾಲನಗರದ ಯಾವ ಬಡಾವಣೆಗೆ ಹೋದರೂ ಒಂದೇ ನೋಟ. ಎರಡು ಮನೆ, ನಡುವೆ ನಾಲ್ಕು ಖಾಲಿ ಸೈಟು, ಸೈಟಿನ ತುಂಬ ಎದೆಮಟ್ಟದ ಹುಲ್ಲು. ಮಾಲೀಕರು ಬೆಂಗಳೂರಿನಲ್ಲೋ ಗಲ್ಫಿನಲ್ಲೋ ಇರುತ್ತಾರೆ. ಪಕ್ಕದ ಮನೆಯವರು ಹಾವು ಕಂಡಿತೆಂದು ಫೋನ್ ಮಾಡಿದಾಗಲೇ ಅವರಿಗೆ ಸೈಟಿನ ನೆನಪು. ಆಮೇಲೆ ಟ್ರ್ಯಾಕ್ಟರ್ ಇರುವವರಿಗೆ ಕರೆ ಬರುತ್ತದೆ: "ಅಣ್ಣಾ, ಒಂದು ಸೈಟ್ ಕ್ಲೀನ್ ಮಾಡೋಕೆ ಎಷ್ಟಾಗುತ್ತೆ?"

ಬಾಯಿಗೆ ಬಂದ ಅಂಕಿ ಹೇಳಿ ಕೈ ಸುಟ್ಟುಕೊಂಡವರಲ್ಲಿ ನಾನೂ ಒಬ್ಬ. ಮೊದಲ ವರ್ಷ ಸೈಟಿಗೆ 600 ರೂಪಾಯಿ ಅಂತ ಹೇಳಿಬಿಟ್ಟಿದ್ದೆ. ಒಂದು ದಿನ ನಾಲ್ಕು ಸೈಟು ಸಿಕ್ಕವು, ನಾಲ್ಕೂ ನಾಲ್ಕು ದಿಕ್ಕಿಗೆ. ಸಂಜೆ ಡೀಸೆಲ್ಲು, ಡ್ರೈವರ್ ಕೂಲಿ ಕಳೆದರೆ ಉಳಿದದ್ದು ಟೀ ಬನ್ನಿನ ಕಾಸು. ನಾನು ಸೈಟಿನ ಅಳತೆ ನೋಡಿ ದರ ಹೇಳಿದ್ದೆ. ಖರ್ಚು ಓಡುತ್ತಿದ್ದದ್ದು ಗಂಟೆಯ ಲೆಕ್ಕದಲ್ಲಿ.

ಮೊದಲು ಒಂದು ಗಂಟೆಯ ಖರ್ಚು

ಒಂದು ಹಾಳೆ ತೆಗೆದುಕೊಳ್ಳಿ. ಕೆಳಗಿನ ಅಂಕಿಗಳು ಉದಾಹರಣೆಗೆ ಮಾತ್ರ. ನಿಮ್ಮ ಬಿಲ್ಲು ನೋಡಿ ನಿಮ್ಮದನ್ನು ಬರೆದುಕೊಳ್ಳಿ.

ಟ್ರ್ಯಾಕ್ಟರು ಮತ್ತು ಅದರ ಹಿಂದೆ ಕಟ್ಟುವ, ಬ್ಲೇಡು ತಿರುಗಿಸಿ ಹುಲ್ಲು ಹೊಡೆಯುವ ಸ್ಲ್ಯಾಷರು ಶೆಡ್ಡಿನಲ್ಲಿ ನಿಂತಿದ್ದರೂ ಖರ್ಚು ನಿಲ್ಲುವುದಿಲ್ಲ. ಸಾಲದ ಬಡ್ಡಿ, ವಿಮೆ, ಸರ್ವಿಸು, ಟೈರು, ಜೊತೆಗೆ ವರ್ಷವರ್ಷ ಇಳಿಯುವ ಗಾಡಿಯ ಬೆಲೆ. ಇದೆಲ್ಲ ಸೇರಿ ವರ್ಷಕ್ಕೆ 1,50,000 ಎಂದು ಹಿಡಿಯೋಣ. ಮೀಟರ್ ಬೋರ್ಡಿನಲ್ಲಿ ಗಂಟೆಯ ಮೀಟರ್ ಇರುತ್ತದಲ್ಲ, ಅದರಲ್ಲಿ ಹೋದ ವರ್ಷ ಎಷ್ಟು ಗಂಟೆ ಓಡಿದೆ ನೋಡಿ. 500 ಗಂಟೆ ಎಂದಾದರೆ ಗಂಟೆಗೆ 300 ರೂಪಾಯಿ ಇಲ್ಲೇ ಹೋಯಿತು. ಹೆಚ್ಚಿನವರು ಮರೆಯುವುದೇ ಈ 300. ಐದು ವರ್ಷ ಬಿಟ್ಟು ಎಂಜಿನ್ ಕೆಲಸಕ್ಕೆ ಬಂದಾಗ ಅದು ಒಟ್ಟಿಗೇ ನೆನಪಿಗೆ ಬರುತ್ತದೆ.

ಡೀಸೆಲ್ ಗಂಟೆಗೆ 4 ಲೀಟರ್, ಲೀಟರಿಗೆ 90 ರೂಪಾಯಿಯಂತೆ 360. ಡ್ರೈವರ್ ಕೂಲಿ ದಿನಕ್ಕೆ 800 ಇದ್ದು, ನಿಜವಾಗಿ ಬಾಡಿಗೆ ಬರುವ ಗಂಟೆ ಐದೇ ಆದರೆ ಗಂಟೆಗೆ 160. ನೀವೇ ಓಡಿಸಿದರೂ ಈ 160 ಹಾಕಿ, ನಿಮ್ಮ ಮೈಗೂ ಕೂಲಿ ಬೇಕಲ್ವಾ? ಬ್ಲೇಡು, ಬೋಲ್ಟು, ಗ್ರೀಸು, ಗೇರ್ ಆಯಿಲ್‌ಗೆ 80. ಎಲ್ಲ ಕೂಡಿದರೆ 900. ಇದು ಅಸಲು. ಲಾಭ ಮತ್ತು ಅಪಾಯದ ಬಾಬ್ತು 200 ಸೇರಿಸಿ 1,100 ಎನ್ನೋಣ.

ದಾರಿಯ ಹೊತ್ತನ್ನು ಬಿಡಬೇಡಿ

40x60 ಸೈಟು ಎಂದರೆ 2,400 ಚದರ ಅಡಿ, ನಮ್ಮ ಲೆಕ್ಕದಲ್ಲಿ ಐದೂವರೆ ಸೆಂಟ್. ಸಮತಟ್ಟಾಗಿದ್ದರೆ 20 ನಿಮಿಷದ ಕೆಲಸ. ಇಳಿದು ಒಂದು ಸುತ್ತು ನಡೆದು ನೋಡಲು 10 ನಿಮಿಷ. ಆದರೆ ಸೈಟು ನಿಮ್ಮ ಮನೆಯಿಂದ 8 ಕಿಲೋಮೀಟರ್ ಇದ್ದು, ಟ್ರ್ಯಾಕ್ಟರು ಗಂಟೆಗೆ 20 ಕಿಲೋಮೀಟರ್ ಓಡಿದರೆ ಹೋಗಿ ಬರಲು 48 ನಿಮಿಷ. ಹುಲ್ಲು ಹೊಡೆಯುವುದಕ್ಕಿಂತ ದಾರಿಗೇ ಜಾಸ್ತಿ! ರಸ್ತೆಯಲ್ಲಿ ಡೀಸೆಲ್ ಸ್ವಲ್ಪ ಕಡಿಮೆ ಕುಡಿಯಬಹುದು. ಆ ಉಳಿತಾಯ ಡಾಂಬರಿನ ಮೇಲೆ ಸವೆಯುವ ಟೈರಿಗೆ ಸರಿಹೋಯಿತು.

ಒಟ್ಟು 78 ನಿಮಿಷ. 1,100ರ ಲೆಕ್ಕದಲ್ಲಿ 1,430 ರೂಪಾಯಿ. ಈ ಅಂಕಿ ಕೇಳಿದ ಮಾಲೀಕರಿಗೆ ಸಿಟ್ಟು ಬರುತ್ತದೆ, ಅದು ಸಹಜ. ಅವರಿಗೆ ಕಾಣುವುದು 20 ನಿಮಿಷ ಮಾತ್ರ. ಆದರೆ ಅದೇ ಸಾಲಿನಲ್ಲಿ ಇನ್ನೊಂದು ಸೈಟು ಸಿಕ್ಕರೆ ಒಟ್ಟು 108 ನಿಮಿಷ, 1,980 ರೂಪಾಯಿ, ತಲಾ 990. ಐದು ಸೈಟು ಸಿಕ್ಕರೆ ತಲಾ 726ಕ್ಕೆ ಇಳಿಯುತ್ತದೆ. ನಿಮ್ಮ ಗಂಟೆಯ ಸಂಪಾದನೆ ಮಾತ್ರ ಒಂದು ಪೈಸೆಯೂ ಕಡಿಮೆಯಾಗಲಿಲ್ಲ.

ಹಾಗಾಗಿ ದರ ಇಳಿಸಿ ಅಂದವರಿಗೆ ನಾನು ಹೇಳುವುದು ಇಷ್ಟೇ: "ಪಕ್ಕದ ಸೈಟಿನವರನ್ನೂ ಒಪ್ಪಿಸಿ, ಇಬ್ಬರಿಗೂ ಕಡಿಮೆ ಆಗುತ್ತದೆ." ಬಡಾವಣೆಗಳ ವಾಟ್ಸಾಪ್ ಗುಂಪುಗಳು ಈ ಕೆಲಸಕ್ಕಾದರೂ ಉಪಯೋಗಕ್ಕೆ ಬರಲಿ.

ಸೈಟು ನೋಡದೆ ಕೊನೆಯ ಮಾತು ಹೇಳಬೇಡಿ

ಫೋನಿನಲ್ಲಿ "ಸುಮ್ನೆ ಹುಲ್ಲು ಅಷ್ಟೇ" ಅನ್ನುತ್ತಾರೆ. ಹೋಗಿ ನೋಡಿದರೆ ಲಂಟಾನ ಪೊದೆ, ಕಾಂಗ್ರೆಸ್ ಹುಲ್ಲು, ಅದರಡಿ ಯಾರೋ ಸುರಿದ ಕಟ್ಟಡದ ಕಸ. 2018 ಮತ್ತು 2019ರಲ್ಲಿ ಕಾವೇರಿ ನೀರು ನುಗ್ಗಿದ ಕಡೆಗಳಲ್ಲಂತೂ ಹುಲ್ಲಿನಡಿ ಏನಿದೆ ಎಂದು ಹೇಳಲಾಗದು. ಕೋಲು ಹಿಡಿದು ನೆಲ ತಟ್ಟುತ್ತಾ ನಡೆಯಿರಿ, ಹಾವಿದ್ದರೆ ಸರಿದು ಹೋಗುತ್ತದೆ. ಗಡಿಕಲ್ಲು, ಬೋರ್‌ವೆಲ್ ಕೇಸಿಂಗ್, ನಲ್ಲಿ ಪೈಪು ಕಂಡರೆ ಪಕ್ಕದಲ್ಲಿ ಕೋಲು ನೆಟ್ಟು ಬಟ್ಟೆ ಕಟ್ಟಿ.

ಎಲ್ಲಕ್ಕಿಂತ ಕೆಟ್ಟದ್ದು ಮುಳ್ಳುತಂತಿ. ಕಲ್ಲು ತಾಗಿದರೆ ಒಂದು ಬ್ಲೇಡು ಹೋಗುತ್ತದೆ. ತಂತಿ ಸುತ್ತಿಕೊಂಡರೆ ಅರ್ಧ ದಿನ ನೆಲದ ಮೇಲೆ ಮಲಗಿ ಕಟಿಂಗ್ ಪ್ಲೇಯರ್ ಹಿಡಿದು ಬಿಡಿಸಬೇಕು, ಸೀಲು ಕಿತ್ತು ಆಯಿಲ್ ಸೋರಿದರೆ ಮತ್ತೊಂದು ಖರ್ಚು. ನನಗೆ ಒಮ್ಮೆ ಹಾಗಾಗಿದೆ. ಅವತ್ತಿನಿಂದ ತಂತಿ, ಕಸ ತೆಗೆದುಕೊಡುವುದು ಮಾಲೀಕರ ಕೆಲಸ ಎಂದು ಮೊದಲೇ ಹೇಳುತ್ತೇನೆ. ನಾವೇ ತೆಗೆಯಬೇಕಾದರೆ ಆಳಿನ ಕೂಲಿ ಬೇರೆ.

ವರ್ಷವಿಡೀ ಮುಟ್ಟದ ಸೈಟಿಗೆ ಒಂದೂವರೆ ಪಟ್ಟು ಹೊತ್ತು ಹಿಡಿಯಿರಿ. ಎರಡು ಸಲ ಓಡಿಸಬೇಕಾಗುತ್ತದೆ. ಒದ್ದೆ ಹುಲ್ಲು ಸ್ಲ್ಯಾಷರಿನಡಿ ಮುದ್ದೆಯಾಗಿ ಅಂಟುತ್ತದೆ, ಚಕ್ರವೂ ಹೂಳುತ್ತದೆ. ಜುಲೈಯಲ್ಲಿ ಯಾರಾದರೂ ಕರೆದರೆ ಹೆಚ್ಚಿನ ದರ ಕೇಳುವುದಕ್ಕಿಂತ ಬರುವುದಿಲ್ಲ ಎನ್ನುವುದೇ ವಾಸಿ.

ಮಡಿಕೇರಿಯ ಇಳಿಜಾರು ಸೈಟುಗಳ ವಿಷಯ ಬೇರೆಯೇ. ಬರೆಯ (ಕಡಿದಾದ ಮಣ್ಣಿನ ದಿಬ್ಬದ) ಅಂಚಿಗೆ, ಅಡ್ಡ ಇಳಿಜಾರಿಗೆ ಟ್ರ್ಯಾಕ್ಟರು ಇಳಿಸಬೇಡಿ, ಮಗುಚುತ್ತದೆ. ಎಷ್ಟು ದುಡ್ಡು ಕೊಟ್ಟರೂ ಬೇಡ. ಕೈಯಲ್ಲಿ ಹಿಡಿಯುವ ಕಳೆ ಕೊಚ್ಚುವ ಮೆಷಿನ್ ಇರುವವರ ನಂಬರ್ ಕೊಟ್ಟುಬಿಡಿ. ಅವರೂ ನಾಳೆ ನಿಮಗೆ ದೊಡ್ಡ ಸೈಟು ತೋರಿಸುತ್ತಾರೆ.

ಸ್ಲ್ಯಾಷರು ಕಲ್ಲನ್ನು ಗುಂಡಿನಂತೆ ಎಸೆಯುತ್ತದೆ. ಸುತ್ತ ಮನೆ, ಕಾರು ಇದ್ದರೆ ನಿಧಾನ ಓಡಿಸಬೇಕು, ಜನರನ್ನು ದೂರ ನಿಲ್ಲಿಸಲು ಒಬ್ಬ ಆಳು ಬೇಕು. ಆ ಕೂಲಿಯೂ ದರದಲ್ಲಿ ಸೇರಲಿ. ಇನ್ನೊಂದು ಮಾತು. ವಿಮೆ ಕೃಷಿ ಕೆಲಸಕ್ಕೆ ಮಾತ್ರವೋ, ಬಾಡಿಗೆ ಕೆಲಸಕ್ಕೂ ಆಗುತ್ತದೋ ಎಂದು ನಿಮ್ಮ ಏಜೆಂಟರನ್ನು ಕೇಳಿಕೊಳ್ಳಿ. ಗಾಜು ಒಡೆದ ಮೇಲೆ ಕೇಳಿ ಪ್ರಯೋಜನವಿಲ್ಲ.

ಕಾಫಿ ಕೊಯ್ಲಿನ ಹೊತ್ತು

ಡಿಸೆಂಬರಿನಿಂದ ಮಾರ್ಚ್‌ವರೆಗೆ ಕೊಡಗಿನಲ್ಲಿ ಆಳು ಸಿಗುವುದು ಕಷ್ಟ. ಅರೇಬಿಕಾ ಮುಗಿಯುವ ಹೊತ್ತಿಗೆ ರೋಬಸ್ಟಾ ಶುರು. ಟ್ರ್ಯಾಕ್ಟರಿಗೂ ತೋಟದಲ್ಲಿ ಕೆಲಸ. ಡ್ರೈವರ್ ಕೂಲಿ ಏರಿದರೆ ನಿಮ್ಮ ದರವೂ ಏರುವುದು ನ್ಯಾಯವೇ, ಆದರೆ ಮೊದಲೇ ತಿಳಿಸಿ. ಹುತ್ತರಿಗೆ ಊರಿಗೆ ಬರುವವರು ಹಬ್ಬದ ಹಿಂದಿನ ವಾರ ಫೋನ್ ಮಾಡುತ್ತಾರೆ. ಅವರ ಅವಸರ ನೋಡಿ ದುಪ್ಪಟ್ಟು ಕೇಳುವುದು ನನಗೆ ಸರಿ ಕಾಣುವುದಿಲ್ಲ. ಅಕ್ಟೋಬರಿನಲ್ಲೇ ನೀವೇ ಫೋನ್ ಮಾಡಿಬಿಡಿ.

ಮಾತು ಬರಹದಲ್ಲಿರಲಿ

ಕೆಲಸಕ್ಕೆ ಮೊದಲು ವಾಟ್ಸಾಪಿನಲ್ಲಿ ನಾಲ್ಕು ಸಾಲು ಕಳಿಸಿ: "ಸೈಟ್ ನಂಬರ್ ಇಷ್ಟು, 40x60. ಹುಲ್ಲು ಹೊಡೆಯಲು 1,430 ರೂಪಾಯಿ. ಹೊಡೆದ ಹುಲ್ಲು ಅಲ್ಲೇ ಇರುತ್ತದೆ, ಸಾಗಿಸಲು ಬೇರೆ ದರ. ತಂತಿ, ಕಸ ಇದ್ದರೆ ಫೋಟೋ ಕಳಿಸಿ ಕೇಳಿ ಮುಂದುವರಿಯುತ್ತೇವೆ." ದೂರದ ಊರಿನವರಾದರೆ ಅರ್ಧ ಹಣ ಮುಂಗಡ ಕೇಳಿ, ತಪ್ಪಿಲ್ಲ. ಒಂದೇ ಮೂಲೆಯಲ್ಲಿ ನಿಂತು ಮೊದಲಿನದೊಂದು, ಆಮೇಲಿನದೊಂದು ಫೋಟೋ ತೆಗೆಯಿರಿ. ಸೈಟ್ ನಂಬರ್ ಸರಿಯೇ ಎಂದು ಎರಡು ಸಲ ನೋಡಿ. ಪಕ್ಕದವರ ಸೈಟು ಹೊಡೆದು ಬಂದರೆ ಯಾರೂ ದುಡ್ಡು ಕೊಡುವುದಿಲ್ಲ.

"ಇನ್ನೊಬ್ಬರು 700ಕ್ಕೆ ಮಾಡ್ತಾರಂತೆ" ಎಂದರೆ ಜಗಳ ಬೇಡ. ಅವರ ಮನೆ ಅದೇ ಬೀದಿಯಲ್ಲಿದ್ದರೆ 700 ಅವರಿಗೆ ನಿಜವಾಗಿಯೂ ಗಿಟ್ಟುತ್ತದೆ. ಹಣ ಬಂದ ಮೇಲೆ ಮಾಲೀಕರ ಹೆಸರಿನ ಜೊತೆ ಸೈಟ್ ನಂಬರ್, ಹಿಡಿದ ನಿಮಿಷ ಎರಡನ್ನೂ ಡೈರಿಯಲ್ಲಿ ಬರೆದಿಡಿ. ಮುಂದಿನ ಮೇ ತಿಂಗಳಲ್ಲಿ, ಮಳೆ ಹಿಡಿಯುವ ಮೊದಲು ಅವರಿಗೆ ದರ ಹೇಳುವಾಗ ಆ ಪುಟ ತೆರೆದುಕೊಂಡೇ ಫೋನ್ ಮಾಡಿ.