ಬ್ಲೆಂಡೆಡ್ ಸ್ಕಾಚ್ ತಯಾರಾಗುವ ಬಗೆ

ಜಗತ್ತಿನಲ್ಲಿ ಮಾರಾಟವಾಗುವ ಸ್ಕಾಚ್ ವಿಸ್ಕಿಯಲ್ಲಿ ಬಹುಪಾಲು ಬ್ಲೆಂಡೆಡ್ ಸ್ಕಾಚ್, ಅಂದರೆ ಮಾಲ್ಟ್ ವಿಸ್ಕಿ ಮತ್ತು ಗ್ರೇನ್ ವಿಸ್ಕಿಗಳ ಮಿಶ್ರಣ. ಎರಡೂ ಸ್ಕಾಟ್ಲೆಂಡಿನಲ್ಲೇ ಬಟ್ಟಿ ಇಳಿದು, 700 ಲೀಟರ್ ಮೀರದ ಓಕ್ ಪೀಪಾಯಿಗಳಲ್ಲಿ ಅಲ್ಲಿಯೇ ಕನಿಷ್ಠ 3 ವರ್ಷ ಮಾಗಿರಬೇಕೆಂಬುದು ಕಾನೂನು.

ಮೊದಲಿಗೆ ಮಾಲ್ಟ್. ಬಾರ್ಲಿಯನ್ನು ಎರಡು ಮೂರು ದಿನ ನೆನೆಸಿ ಮೊಳಕೆ ಬರಿಸುತ್ತಾರೆ. ಪಿಷ್ಟವನ್ನು ಸಕ್ಕರೆಯಾಗಿಸುವ ಕಿಣ್ವಗಳು ಆಗ ಕಾಳಿನಲ್ಲಿ ಚುರುಕಾಗುತ್ತವೆ. ಸಕಾಲದಲ್ಲಿ ಅದನ್ನು ಬಿಸಿಗಾಳಿಯಲ್ಲಿ ಒಣಗಿಸಿ ಮೊಳಕೆಯನ್ನು ತಡೆಯಬೇಕು. ಸ್ಕಾಟ್ಲೆಂಡಿನ ಐಲಾ ದ್ವೀಪದ ವಿಸ್ಕಿಗಳಿಗೆ ಹೆಸರು ತಂದ ಹೊಗೆವಾಸನೆ ಅಂಟಿಕೊಳ್ಳುವುದು ಈ ಹಂತದಲ್ಲಿ ಉರಿಸುವ, ಜೌಗುನೆಲದಲ್ಲಿ ಕೊಳೆತ ಸಸ್ಯಗಳಿಂದಾದ ಮಣ್ಣು, ಅಂದರೆ ಪೀಟ್‌ನಿಂದ. ಒಣಗಿದ ಮಾಲ್ಟನ್ನು ತರಿಯಾಗಿ ಒಡೆದು ಬಿಸಿನೀರಿನಲ್ಲಿ ಕಲಸಿ, ಸಿಹಿರಸವನ್ನು ಬಸಿದು, ಯೀಸ್ಟ್ ಬೆರೆಸಿ ಹುದುಗಿಸಿದ ನಂತರ ತಾಮ್ರದ ಬಟ್ಟಿಯಲ್ಲಿ ಸಾಮಾನ್ಯವಾಗಿ ಎರಡು ಬಾರಿ ಇಳಿಸುತ್ತಾರೆ. ಎರಡನೆಯ ಸಲ ಮೊದಲಿಗೆ ಬರುವ ತೀಕ್ಷ್ಣ ಭಾಗವನ್ನೂ ಕೊನೆಗೆ ಬರುವ ಜಿಡ್ಡು ವಾಸನೆಯ ಭಾಗವನ್ನೂ ಬೇರ್ಪಡಿಸಿ, ನಡುವಿನದನ್ನಷ್ಟೇ ಪೀಪಾಯಿಗೆ ತುಂಬುತ್ತಾರೆ.

ಗ್ರೇನ್ ವಿಸ್ಕಿಗೆ ಬೇಯಿಸಿದ ಗೋಧಿ ಅಥವಾ ಮೆಕ್ಕೆಜೋಳದ ಜೊತೆ ಸ್ವಲ್ಪ ಮಾಲ್ಟ್ ಸಾಕು. ಅದು ಎತ್ತರದ ಕಂಬದಂಥ ಬಟ್ಟಿಯಲ್ಲಿ ಎಡೆಬಿಡದೆ ಇಳಿಯುತ್ತದೆ. ಇಂಥ ಬಟ್ಟಿಯನ್ನು ಸುಧಾರಿಸಿ 1830ರಲ್ಲಿ ಪೇಟೆಂಟ್ ಪಡೆದವರು ಐನಿಯಾಸ್ ಕಾಫಿ. ಎಡಿನ್‌ಬರೋದ ಆಂಡ್ರ್ಯೂ ಅಷರ್ 1853ರ ಹೊತ್ತಿಗೆ ಬೇರೆ ಬೇರೆ ಪೀಪಾಯಿಗಳ ಮಾಲ್ಟ್‌ಗಳನ್ನು ಬೆರೆಸಿ ಮಾರುತ್ತಿದ್ದರು. ಸುಂಕ ಕಟ್ಟುವ ಮುನ್ನವೇ ಗೋದಾಮಿನಲ್ಲಿ ಮಾಲ್ಟ್ ಮತ್ತು ಗ್ರೇನ್ ಎರಡನ್ನೂ ಬೆರೆಸಲು 1860ರ ಕಾಯ್ದೆ ದಾರಿ ಮಾಡಿಕೊಟ್ಟಿತು. ಫಿಲೋಕ್ಸೆರಾ ಎಂಬ ಕೀಟ ಫ್ರಾನ್ಸಿನ ದ್ರಾಕ್ಷಿತೋಟಗಳನ್ನು ಹಾಳುಗೆಡವಿ ಬ್ರಾಂದಿಗೆ ಬರ ಬಂದಾಗ, ಹದವಾದ ಈ ಹೊಸ ಪಾನೀಯ ಆ ಜಾಗವನ್ನು ತುಂಬಿತು.

ನಿಜವಾದ ಕಸುಬು ಇರುವುದು ಬೆರೆಸುವುದರಲ್ಲಿ. ಅಕ್ಕಪಕ್ಕದ ಎರಡು ಪೀಪಾಯಿಗಳು ಒಂದೇ ದಿನ ತುಂಬಿದವಾದರೂ ಒಂದೇ ರುಚಿ ಕೊಡುವುದಿಲ್ಲ: ಹಿಂದೆ ಬೋರ್ಬನ್ ಎಂಬ ಅಮೆರಿಕದ ವಿಸ್ಕಿ ತುಂಬಿದ್ದ ಪೀಪಾಯಿ ವೆನಿಲಾದ ಪರಿಮಳ ಕೊಟ್ಟರೆ, ಶೆರ್ರಿ ಎಂಬ ಸ್ಪೇನಿನ ವೈನ್ ತುಂಬಿದ್ದದ್ದು ಒಣದ್ರಾಕ್ಷಿಯ ಕಂಪನ್ನು ತರುತ್ತದೆ. ಮಾಸ್ಟರ್ ಬ್ಲೆಂಡರ್ ಪ್ರತಿ ಮಾದರಿಗೂ ನೀರು ಬೆರೆಸಿ, ಆಲ್ಕೋಹಾಲ್ ಅಂಶವನ್ನು ಸುಮಾರು ಶೇ 20ಕ್ಕೆ ಇಳಿಸಿ, ಬಾಯಿ ಕಿರಿದಾದ ಗಾಜಿನ ಲೋಟದಲ್ಲಿ ಮೂಸಿ ನೋಡುತ್ತಾರೆ. ಅವರ ತೀರ್ಪು ನಾಲಿಗೆಗಿಂತ ಹೆಚ್ಚಾಗಿ ಮೂಗಿನದು. ಒಂದು ಮಾಲ್ಟ್ ಸಿಗದಂತಾದರೂ ಗ್ರಾಹಕನಿಗೆ ಎಂದಿನ ರುಚಿಯೇ ಸಿಗುವಂತೆ ಬದಲಿಯನ್ನು ಹುಡುಕಬೇಕು. ಮಿಶ್ರಣದಲ್ಲಿ ಸಾಮಾನ್ಯವಾಗಿ ಅರ್ಧಕ್ಕಿಂತ ಹೆಚ್ಚಿರುವ ಗ್ರೇನ್ ವಿಸ್ಕಿಯನ್ನು ಅಗ್ಗದ ಭರ್ತಿಯೆಂದು ತಳ್ಳಿಹಾಕುವುದು ಸರಿಯಲ್ಲ. ಗಡಸು ಮಾಲ್ಟ್‌ಗಳನ್ನು ಒಂದಕ್ಕೊಂದು ಹೊಂದಿಸುವುದು ಅದೇ.

ಬೆರೆಸಿದ ವಿಸ್ಕಿಯನ್ನು ಕೆಲವು ತಯಾರಕರು ಮತ್ತೆ ಕೆಲಕಾಲ ಪೀಪಾಯಿಯಲ್ಲಿಡುತ್ತಾರೆ. ಕೊನೆಗೆ ಅದಕ್ಕೆ ಸೇರಿಸಬಹುದಾದದ್ದು ನೀರು ಮತ್ತು ಬಣ್ಣಕ್ಕಾಗಿ ಕ್ಯಾರಮೆಲ್ ಮಾತ್ರ. ಆಲ್ಕೋಹಾಲ್ ಶೇ 40ಕ್ಕಿಂತ ಕಡಿಮೆ ಇರುವಂತಿಲ್ಲ. ಲೇಬಲ್ ಮೇಲೆ 12 ವರ್ಷ ಎಂದಿದ್ದರೆ, ಮಿಶ್ರಣದ ಅತಿ ಕಿರಿಯ ವಿಸ್ಕಿಗೂ ಅಷ್ಟು ವಯಸ್ಸಾಗಿರಬೇಕು. ಬ್ಲೆಂಡೆಡ್ ಸ್ಕಾಚ್ ಸಗಟಾಗಿ ಬಂದು ಭಾರತದಲ್ಲಿ ಬಾಟಲಿ ಸೇರಿದರೂ ಸ್ಕಾಚೇ. ಆದರೆ ಇಲ್ಲಿನ ಮದ್ಯಸಾರಕ್ಕೆ ಒಂದಿಷ್ಟು ಸ್ಕಾಚ್ ಬೆರೆಸಿದ ವಿಸ್ಕಿಗೆ ಆ ಹೆಸರು ಸಲ್ಲುವುದಿಲ್ಲ.