ವಪೆಯ ಅದುರು: ಅಲ್ಟ್ರಾಸೌಂಡ್‌ನಲ್ಲಿ ಹಿಡಿದ ನನ್ನ ಅನುಭವ

ಒಬ್ಬ ರೋಗಿಯದು ಮನಸ್ಸಿನ ಕಾಯಿಲೆಯಲ್ಲ, ಅವರ ವಪೆಯೇ (ಎದೆ-ಹೊಟ್ಟೆಗಳ ನಡುವಿನ ಉಸಿರಾಟದ ಸ್ನಾಯು) ಅದುರುತ್ತಿದೆ ಎಂದು ನಾನು ಹೇಳಿದಾಗ ಊರಿನ ಇಬ್ಬರು ಹಿರಿಯ ವೈದ್ಯರು ಒಪ್ಪಿರಲಿಲ್ಲ. ಆ ರೋಗಿ ಈಗ ಎಂಟು ತಿಂಗಳಿಂದ ನೆಮ್ಮದಿಯಾಗಿ ಉಸಿರಾಡುತ್ತಿದ್ದಾರೆ.

ನಲವತ್ತರ ಆಸುಪಾಸಿನ ಆಕೆ ಹೊಲಿಗೆಯವರು. ಪಕ್ಕೆಲುಬಿನ ಕೆಳಗೆ ಹೊಟ್ಟೆ ಪಟಪಟನೆ ಬಡಿದುಕೊಂಡು ಮಾತು ತುಂಡಾಗುತ್ತಿತ್ತು, ಸೂಜಿಗೆ ದಾರ ಪೋಣಿಸಲೂ ಆಗುತ್ತಿರಲಿಲ್ಲ. ಎರಡು ಎಂಡೋಸ್ಕೋಪಿ, ಸಿಟಿ, ಎಕೋ ಎಂದು 60–70 ಸಾವಿರ ರೂಪಾಯಿ ಆಗಲೇ ಕರಗಿತ್ತು. ಅದರಲ್ಲಿ ಅರ್ಧ ಸಂಘದ ಸಾಲ. ನನಗೆ ಸುಳಿವು ಕೊಟ್ಟದ್ದು ಅವರ ಹಳೆಯ ಇಸಿಜಿ: ಮೂಲಗೆರೆಯ ಮೇಲೆ ಸೆಕೆಂಡಿಗೆ ಸುಮಾರು 4ರಂತೆ ಒಂದೇ ಲಯದ ಸಣ್ಣ ಅಲೆಗಳಿದ್ದವು, ನೋಡಿದವರೆಲ್ಲ ರೋಗಿ ಅಲುಗಾಡಿದ್ದಾರೆಂದು ಬಿಟ್ಟಿದ್ದರು.

ಮೊದಲು ಗ್ಯಾಸಿನ ಕ್ಯಾಪ್ಸೂಲಿನಲ್ಲಿದ್ದ ಲೆವೊಸಲ್ಪಿರೈಡ್ ಎಂಬ ಔಷಧಿಯಿಂದಲೇ ಅದುರು ಬಂದಿರಬಹುದೆಂದು ಅನುಮಾನಿಸಿ ಅದನ್ನು ನಿಲ್ಲಿಸಿದೆ. ಆರು ವಾರ ಕಾದರೂ ಫಲ ಕಾಣಲಿಲ್ಲ. ಚಲನೆಯನ್ನು ಗೆರೆಯಾಗಿ ತೋರಿಸುವ ಅಲ್ಟ್ರಾಸೌಂಡ್ ವಿಧಾನವಾದ ಎಂ-ಮೋಡ್ ಕೂಡ ಎರಡು ಬಾರಿ ಕೈಕೊಟ್ಟಿತು: ಒಮ್ಮೆ ಸ್ವೀಪ್ (ಪರದೆಯ ಮೇಲೆ ಗೆರೆ ಓಡುವ ವೇಗ) ನಿಧಾನವಾಗಿ ಅಲೆಗಳೆಲ್ಲ ಒಂದು ದಪ್ಪ ಪಟ್ಟಿಯಾಗಿ ಬೆರೆತವು, ಇನ್ನೊಮ್ಮೆ ಎಡಬದಿಯಲ್ಲಿ ಹೊಟ್ಟೆಯ ಗಾಳಿ ಅಡ್ಡ ಬಂತು. ಮೂರನೆಯ ಸಲ ಬಲಪಕ್ಕೆಯ ಕೆಳಗಿನಿಂದ ಯಕೃತ್ತಿನ ಮೂಲಕ, ಸ್ವೀಪ್ ಪೂರ್ತಿ ವೇಗಕ್ಕಿಟ್ಟು ಉಸಿರು ಬಿಗಿಹಿಡಿಸಿದೆ. ಗೆರೆಯಲ್ಲಿ ಉಸಿರಾಟದ ಗುಡ್ಡ ಸಪಾಟಾಯಿತು, ಅದುರಿನ ಗರಗಸದ ಹಲ್ಲುಗಳು ಮಾತ್ರ ಹಾಗೇ ಉಳಿದವು. ಮನಸ್ಸಿನಿಂದ ಬಂದ ಅದುರಾದರೆ ಬೇರೆ ತಾಳಕ್ಕೆ ಬೆರಳು ತಟ್ಟಿಸಿದಾಗ ಸಾಮಾನ್ಯವಾಗಿ ಲಯ ಬದಲಾಗುತ್ತದೆ; ಇಲ್ಲಿ ಹಾಗೆ ತಟ್ಟಿಸಿದರೂ ಅವುಗಳ ಲಯ ಕದಲಲಿಲ್ಲ. ಪ್ರೋಬ್ ಹಿಡಿಯುವ ಓರೆಯನ್ನು ನಾನು ಪಕ್ಕದಲ್ಲಿ ಕೂರಿಸಿಕೊಂಡೇ ಕಲಿಸುತ್ತೇನೆ, ಬರೆದು ತಿಳಿಸುವಂಥದ್ದಲ್ಲ ಅದು. ಇಂಥದೇ ಬಡಿತ ತನಗೇ ಬಂದಾಗ ಸೂಕ್ಷ್ಮದರ್ಶಕದಿಂದ ಹೆಸರಾದ ಡಚ್ ವಿಜ್ಞಾನಿ ಲೀವೆನ್‌ಹುಕ್, ಹೃದಯದ್ದೆಂದ ವೈದ್ಯರನ್ನು ಒಪ್ಪದೆ, ವಪೆಯದೇ ಎಂದು 1723ರಲ್ಲಿ ಲಂಡನ್ನಿನ ವಿಜ್ಞಾನ ಸಂಸ್ಥೆ ರಾಯಲ್ ಸೊಸೈಟಿಗೆ ಬರೆದಿದ್ದ. ನನ್ನ ರೋಗಿಯೂ ಮೊದಲ ದಿನವೇ "ಎದೆಯಲ್ಲ ಸಾರ್, ಅದರ ಕೆಳಗೆ" ಎಂದಿದ್ದರು.

ಅದುರು ತಗ್ಗಿಸಲು ಮೊದಲು ಕ್ಲೋನಾಜೆಪಾಮ್ ಮಾತ್ರೆ ಕೊಟ್ಟಾಗ ಆಕೆ ಹೊಲಿಗೆ ಯಂತ್ರದ ಮೇಲೆಯೇ ತೂಕಡಿಸಿದರು, ಅದುರು ಮಾತ್ರ ನಿಲ್ಲಲಿಲ್ಲ. ಮೂರ್ಛೆರೋಗಕ್ಕೂ ಕೊಡುವ ಕಾರ್ಬಮಾಜೆಪಿನ್ ಮಾತ್ರೆಗೆ ಮುನ್ನ ಎಚ್‌ಎಲ್‌ಎ-ಬಿ 1502 ಎಂಬ ವಂಶವಾಹಿ ಪರೀಕ್ಷೆಗೆ ಮೂರು-ನಾಲ್ಕು ಸಾವಿರ ಖರ್ಚಾಯಿತು. ಆ ವಂಶವಾಹಿ ಇದ್ದವರಿಗೆ ಈ ಮಾತ್ರೆಯಿಂದ ಚರ್ಮದ ಮಾರಕ ಪ್ರತಿಕ್ರಿಯೆಯ ಅಪಾಯವಿರುವಾಗ ಆ ಹಣ ಉಳಿಸಲು ನನ್ನ ಮನಸ್ಸು ಒಪ್ಪಲಿಲ್ಲ. 100 ಮಿ.ಗ್ರಾಂ. ದಿನಕ್ಕೆರಡು ಸಲದಿಂದ ತೊಡಗಿ ನಿಧಾನವಾಗಿ 200 ಮಿ.ಗ್ರಾಂ. ಮೂರು ಸಲಕ್ಕೆ ಏರಿಸಿದೆ. ನಡುವೆ ರಕ್ತದ ಸೋಡಿಯಂ 129ರ ಹತ್ತಿರಕ್ಕೆ ಇಳಿದು ಗಾಬರಿಯಾಯಿತು, ಬೆಳಗಿನ ಡೋಸ್ ತಗ್ಗಿಸಿದ ಮೇಲೆ ಸರಿಹೋಯಿತು. ಐದಾರು ವಾರಗಳಲ್ಲಿ ಗರಗಸದ ಹಲ್ಲುಗಳು ಅಲ್ಲೊಂದು ಇಲ್ಲೊಂದು ಉಳಿದವು. ಮಾತ್ರೆಗೆ ತಿಂಗಳಿಗೆ ಸುಮಾರು 200 ರೂಪಾಯಿ ಸಾಕು. ವಪೆಯನ್ನು ಆಡಿಸುವ ಫ್ರೆನಿಕ್ ನರವನ್ನು ಮರಗಟ್ಟಿಸುವ ಬ್ಲಾಕ್‌ಗೆ ಕಳುಹಿಸುವ ಪ್ರಮೇಯವೇ ಬರಲಿಲ್ಲ.

ಹೊಟ್ಟೆಯ ಮೇಲೆ ಮೊಬೈಲ್ ಇಟ್ಟು ಅದರ ಚಲನಸಂವೇದಕದಿಂದಲೂ ಎಣಿಸಿ ನೋಡಿದ್ದೇನೆ. ಸಂಖ್ಯೆ ಎಂ-ಮೋಡ್‌ಗೆ ಹತ್ತಿರವೇ ಬಂತು, ಆದರೆ ಆಳವಾಗಿ ಉಸಿರೆಳೆದರೆ ಗೆರೆ ಕಲಸಿಹೋಗುತ್ತದೆ. ಮುಂದಿನ ತಿಂಗಳಿಂದ ಡೋಸ್ ಇಳಿಸೋಣವೆಂದಿದ್ದೇನೆ; ಆಕೆಗೆ ಇನ್ನೂ ಮನಸ್ಸಿಲ್ಲ.